ಗಾರೆಯಿಲ್ಲದ ಗೋಡೆ

ಬೆಟ್ಟದ ಮಗ್ಗುಲಲ್ಲಿ ಕಣಿವೆಗಿಳಿಯುವ ಹಳೆಯ ರಸ್ತೆಗೆ ಹದಿನೇಳು ತಿರುವು. ಅದನ್ನು ಹೊತ್ತು ನಿಂತಿದ್ದುದು ಗಾರೆಯ ಹಂಗಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆಗಳು. ಕಟ್ಟಿದವರಲ್ಲಿ ಮೇಸ್ತ್ರಿಯ ತಾತನೂ ಒಬ್ಬ. ಮೇಸ್ತ್ರಿ ನಲವತ್ತು ವರ್ಷದಿಂದ ಅವುಗಳ ರಿಪೇರಿಯಲ್ಲೇ ಕೈ ಸವೆಸಿದವನು.

ಈ ರಸ್ತೆಯನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕೆಂದು ಸರ್ಕಾರ ತೀರ್ಮಾನಿಸಿದಾಗ ಅವನಿಗೆ ಹಿಗ್ಗೋ ಹಿಗ್ಗು. ಆದರೆ ಹೊಸದಾಗಿ ಬಂದ ಎಂಜಿನಿಯರಮ್ಮ ಮೊದಲ ವಾರವೇ ಗೋಡೆಯ ಸಂದುಗಳಿಗೆಲ್ಲ ಸಿಮೆಂಟು ತುಂಬಲು ಹೇಳಿದಳು.

"ಬೇಡಮ್ಮಾ. ಮಳೆ ನೀರು ಹೊರಗೆ ಬರೋ ದಾರಿನೇ ಆ ಸಂದು."

"ನಕ್ಷೆ ಮೇಲಿಂದ ಬಂದಿದೆ ಮೇಸ್ತ್ರಿ, ನಾನೇನು ಮಾಡ್ಲಿ?"

"ನೀರಿಗೆ ನಕ್ಷೆ ಓದೋಕೆ ಬರಲ್ವಲ್ಲ."

ಕೆಲಸಗಾರರು ಕಿಸಕ್ಕನೆ ನಕ್ಕರು. ಅವಳ ಮುಖ ಕೆಂಪೇರಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಮೇಸ್ತ್ರಿ ಹಾರೆ ಹೆಗಲಿಗೇರಿಸಿ ಮನೆ ಸೇರಿದ.

ಎರಡನೇ ಮಳೆಗೇ ಒಂಬತ್ತನೇ ತಿರುವಿನ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಆ ದಾರಿಯ ಬಸ್ಸು ಸಂಚಾರ ನಿಂತಿತು. ಮರುದಿನ ಬೆಳಿಗ್ಗೆ ಎಂಜಿನಿಯರಮ್ಮ ಕೆಸರು ಬೂಟಿನಲ್ಲೇ ಅವನ ಬಾಗಿಲಿಗೆ ಬಂದಳು.

"ತಪ್ಪಾಯ್ತು ಮೇಸ್ತ್ರಿ."

"ಬಡ್ಕೊಂಡ್ರೂ ಕೇಳಲಿಲ್ಲ, ಈಗ ಬಂದ್ರಾ?" ಎಂದು ಹೆಂಡತಿ ಶುರುಮಾಡಿದಳು. ಅವನು ಕಣ್ಣಲ್ಲೇ ತಡೆದ. ಹುಡುಗಿ ತಾನಾಗೇ ಬಂದು ತಪ್ಪೊಪ್ಪಿಕೊಂಡಿದ್ದಕ್ಕೆ ಅವನ ಸಿಟ್ಟೆಲ್ಲ ಇಳಿದುಹೋಗಿತ್ತು.

"ಕೂತ್ಕೊಳ್ಳಿ. ನಮ್ಮಪ್ಪನೂ ಇದೇ ಮಾಡಿದ್ದ. ಸಾಹೇಬರ ಮಾತು ಮೀರೋಕಾಗದೆ ಗಾರೆ ಮೆತ್ತಿದ. ಗೋಡೆ ಬಿದ್ದು ಚಿಕ್ಕಪ್ಪನ ಕಾಲು ಹೋಯ್ತು. ತಪ್ಪು ನಂದು ಅಂತ ಅಪ್ಪ ಸಾಯೋವರೆಗೂ ಬಾಯಿಬಿಡಲಿಲ್ಲ. ನೀವು ಬಿಟ್ರಲ್ಲ, ಸಾಕು. ನಡೀರಿ."

ಮೇಲಿನ ಕಲ್ಲಿನಿಂದ ಶುರುಮಾಡಿ ಒಂದೊಂದನ್ನೇ ಬಿಚ್ಚಿದರು. ಅವಳೂ ಕಲ್ಲು ಹೊತ್ತಳು, ಬೆರಳು ಜಜ್ಜಿಕೊಂಡಳು. ಒಂದು ಕಲ್ಲನ್ನು ಐದು ಸಲ ತಿರುಗಿಸಿಟ್ಟರೂ ಅದು ಅಲುಗುತ್ತಲೇ ಇತ್ತು. ಆರನೇ ಸಲ ಕಚ್ಚಿಕೊಂಡಿತು. ಅವಳು ಚಪ್ಪಾಳೆ ತಟ್ಟಿಬಿಟ್ಟಳು.

ಅಷ್ಟರಲ್ಲಿ ದೊಡ್ಡ ಸಾಹೇಬರ ಫೋನು.

"ಸಿಮೆಂಟ್ ಹಾಕಲ್ಲ ಸರ್," ಎಂದಳು. "ಹೊಣೆ ನಂದು. ಬರೆದು ಕೊಡ್ತೀನಿ."

ಮೇಸ್ತ್ರಿ ತಲೆಯೆತ್ತಿ ಅವಳನ್ನೇ ನೋಡಿದ. ಅಪ್ಪನಿಗೆ ಆಡಲಾಗದ ಮಾತು ಅದು.

ಹನ್ನೆರಡನೇ ದಿನ ಬಸ್ಸು ಹಾದುಹೋಯಿತು. ಉಳಿದ ಗೋಡೆಗಳ ಸಿಮೆಂಟನ್ನೂ ಕೆತ್ತಿ ತೆಗೆಯಬೇಕೆಂದು ಅವಳು ಬರೆದ ವರದಿ ಕಚೇರಿಯಲ್ಲಿ ಮೂರು ತಿಂಗಳು ಅಲೆದಾಡಿ ಕೊನೆಗೆ ಒಪ್ಪಿಗೆ ಪಡೆಯಿತು. ಅದರ ಪ್ರತಿಯನ್ನು ಅವಳೇ ತಂದು ತೋರಿಸಿದಳು. ಕೊನೆಯ ಪುಟದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟಿದ್ದಳು.

"ನಂದ್ಯಾಕಮ್ಮಾ?"

"ಕಟ್ಟೋ ವಿಧಾನ ಹೇಳಿಕೊಟ್ಟೋರು ಯಾರು ಮತ್ತೆ?"

ಮೇಸ್ತ್ರಿ ಕೈ ತೊಳೆದು ಒರೆಸಿಕೊಂಡು ಬಂದು, ಪೆನ್ನು ಹಿಡಿದು, ನಿಧಾನವಾಗಿ ಸಹಿ ಹಾಕಿದ.