ಕಬ್ಬಿಣದ ದಾರಂದ

"ಒಳಗೆ ಬಿಡೂದಿಲ್ಲ ಅಂದ್ರೆ ಬಿಡೂದಿಲ್ಲ" ಎನ್ನುತ್ತ ಮಹೇಶ್ವರಪ್ಪ ಹೆಬ್ಬಾಗಿಲ ದಾರಂದದ ಎರಡೂ ಪಕ್ಕ ಹಿಡಿದು ಅಡ್ಡ ನಿಂತ.

ಹೊಸಬಾಳೆಯ ಆ ಹೊಸ ಮನೆಗೆ ಕಿಟಕಿ, ಬಾಗಿಲು ಕೂತು ವಾರವಾಗಿತ್ತು. ಗೋಡೆಗೆ ಇನ್ನೂ ಬಣ್ಣವಿಲ್ಲ, ನೆಲಕ್ಕೆ ಟೈಲ್ಸ್ ಇಲ್ಲ. ಮನೆಯ ಒಡತಿ ಯಮುನಮ್ಮ ಅಂಗಳದಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದಳು. ನಿನ್ನೆ ಎದೆನೋವೆಂದು ಶಿಕಾರಿಪುರದ ಆಸ್ಪತ್ರೆಗೆ ಹೋದವಳನ್ನು ಇವತ್ತು ಆಂಬುಲೆನ್ಸಿನಲ್ಲಿ ಹೆಣವಾಗಿ ತಂದಿದ್ದರು.

"ಗೃಹಪ್ರವೇಶ ಆಗದ ಮನೆಗೆ ಮೊದಲು ಹೆಣ ಹೊಗಿಸ್ತಾರೇನೆ? ಮನೆ ಏಳಿಗೆ ಆಗ್ತದಾ? ನಮ್ಮನೆ ಜಗಲಿ ಮೇಲೆ ಮಲಗಿಸಿ. ನಾನೆಂತ ಹೊರಗಿನವನಾ? ಅವಳ ಮೈದುನ."

"ರಜೆಗೆ ಬಂದಾಗೆಲ್ಲ ಅಮ್ಮ ನಿಮ್ಮ ಜಗಲಿ ಮೇಲೇ ಮಲಗಿದ್ಲು ಚಿಕ್ಕಪ್ಪ. ಅಷ್ಟು ಸಾಕು" ಎಂದಳು ಮಗಳು ನಯನ. "ಇವತ್ತು ಅವಳ ಮನೇಲಿ ಮಲಗ್ತಾಳೆ. ಈ ಬಾಗಿಲಿಂದನೇ ಹೋಗ್ತಾಳೆ."

"ಹಠದಲ್ಲಿ ತಾಯಿಗೆ ತಕ್ಕ ಮಗಳು!"

ಮಹೇಶ್ವರಪ್ಪ ಆ ದಿನ ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

*

ಆರು ತಿಂಗಳ ಹಿಂದೆ, ಶಿಕಾರಿಪುರದಲ್ಲಿ ಮುನೀರ್ ಅಹ್ಮದನ ಅಂಗಡಿ. ಗೋಡೆಗೆ ಒರಗಿಸಿದ್ದ ಚೌಕಟ್ಟುಗಳನ್ನು ಯಮುನಮ್ಮ ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು, ತೆಂಗಿನಕಾಯಿ ಆರಿಸುವಂತೆ. ಜೊತೆಗೆ ಬಂದಿದ್ದ ಮಹೇಶ್ವರಪ್ಪ ಸಾಗುವಾನಿ ಬಿಟ್ಟು ಬೇರೆ ಕಡೆ ತಿರುಗಿಯೂ ನೋಡಲಿಲ್ಲ.

"ಮಳೆಗಾಲದಲ್ಲಿ ಉಬ್ಬದೇ ಇರೋದು ಯಾವುದು ಮುನೀರಣ್ಣ?"

"ನಾನು ಬಡಗಿ, ಆದ್ರೂ ಸುಳ್ಳು ಹೇಳಲ್ಲ ಅಮ್ಮ. ಮರ ಅಂದ್ಮೇಲೆ ಒಂಚೂರು ಉಬ್ಬುತ್ತೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಕಿಟಕಿಗೆ ಚಲೋ. ಹೆಬ್ಬಾಗಿಲಿಗೆ ಗಟ್ಟಿ ಬೇಕಂದ್ರೆ ಕಬ್ಬಿಣ ನೋಡ್ರಿ."

ಯಮುನಮ್ಮ ಮೂವತ್ತೊಂದು ವರ್ಷ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿದವಳು. ಮಳೆ ಹಿಡಿದರೆ ಅಲ್ಲಿನ ಅಡುಗೆಮನೆಯ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತಿತ್ತು. ಒಂದು ದಿನ ಒಳಗೆ ಗ್ಯಾಸ್ ಸೋರಿ, ಭುಜ ಕೊಟ್ಟು ಗುದ್ದಿ ಗುದ್ದಿ ಹೊರಗೆ ಬಿದ್ದಿದ್ದಳು. ಆಮೇಲೆ ಆ ಭುಜ ಸರಿಯಾಗಲೇ ಇಲ್ಲ.

"ಕಬ್ಬಿಣನೇ ಇರಲಿ. ಒಂದು ಬೆರಳಲ್ಲಿ ತಳ್ಳಿದ್ರೆ ತೆರ್ಕೋಬೇಕು, ಅಷ್ಟೇ."

"ಇದೆಂತ ಗೋಡೌನಾ ಅತ್ತಿಗೆ?" ಮಹೇಶ್ವರಪ್ಪ ಸಿಡಿದ. "ಕಬ್ಬಿಣದ ದಾರಂದಕ್ಕೆ ಯಾರಾದ್ರೂ ಅರಿಶಿನ ಕುಂಕುಮ ಹಚ್ತಾರಾ?"

"ಆಯುಧಪೂಜೆಲಿ ನಿನ್ನ ಟ್ರ್ಯಾಕ್ಟರಿಗೆ ಹಚ್ತಿಯಲ್ಲ, ಅದೆಂತ ಸಾಗುವಾನಿದಾ?"

ನಗು ತಡೆಯಲಾರದೆ ಮುನೀರ್, ಅಳತೆ ಟೇಪು ಹುಡುಕುವ ನೆವದಲ್ಲಿ ಒಳಗೆ ಹೋದ.

*

ಬಿಸಿಲು ಏರುತ್ತಿತ್ತು. ಊರವರು ಅತ್ತ ಹೇಳಲಾರದೆ ಇತ್ತ ಬಿಡಲಾರದೆ ಬೇಲಿ ಪಕ್ಕ ನಿಂತಿದ್ದರು. ಬೈಕಿನಲ್ಲಿ ಬಂದಿದ್ದ ಮುನೀರ್ ಸ್ಟ್ರೆಚರ್ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಯಮುನಮ್ಮನ ಜೊತೆ ಅದೇ ಹಾಸ್ಟೆಲಿನಲ್ಲಿ ಅಡುಗೆ ಮಾಡಿದ್ದ ಸಾವಿತ್ರಿಬಾಯಿ, ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಅಣ್ಣಾರೆ, ಗೃಹಪ್ರವೇಶ ಆಗಿಲ್ಲ ಅನ್ನೋದೊಂದೇ ಅಲ್ವೇನ್ರೀ ನಿಮ್ಮ ತಕರಾರು?"

"ಅದೊಂದೇ."

"ಹಂಗಾದ್ರೆ ಈಗ್ಲೇ ಮಾಡಾಣ. ಹಾಲು ಉಕ್ಕಿಸಿದ್ರೆ ಮುಗೀತಲ್ಲ."

"ಸಾವಿನ ದಿನ ಒಲೆ ಹಚ್ಚೂದಾ? ನಿಂಗೆ ತಲೆ ಸಮ ಉಂಟನೇ?"

"ಕಂಡೋರ ಮಕ್ಕಳಿಗೆ ಮೂವತ್ತೊಂದು ವರ್ಷ ಒಲೆ ಹಚ್ಚಿದಾಕಿ ರೀ ಆಕಿ. ಆಕಿ ಮನ್ಯಾಗೆ ಒಂದು ದಿನ ನಾವು ಹಚ್ಚಬಾರ್ದಾ?"

ಹೀಗೆಂದವಳೇ ಬಗ್ಗಿ, ಮಹೇಶ್ವರಪ್ಪನ ತೋಳಿನಡಿ ನುಸುಳಿ ಒಳಗೆ ಹೋದಳು. ಪರಹೆಂಗಸನ್ನು ಮುಟ್ಟಿ ತಡೆಯುವುದಾದರೂ ಹೇಗೆ? ಅವನು ಕೆಂಡವಾದ. ಅವಳು ಮೂರು ಇಟ್ಟಿಗೆ ಹೂಡಿ, ಉಳಿದಿದ್ದ ಹಲಗೆ ಚೂರು ಒಟ್ಟಿ, ಬೆಂಕಿ ಹಚ್ಚಿದಳು. ಆದರೆ ಹಾಲು?

ಗುಂಪಿನಿಂದ ಒಬ್ಬಳು ಸರಸರನೆ ಪಕ್ಕದ ಮನೆಗೆ ಹೋಗಿ ಪಾತ್ರೆ ತುಂಬ ಹಾಲು ತಂದಳು. ಮಹೇಶ್ವರಪ್ಪನ ಹೆಂಡತಿ ಮಮತಾ.

"ಏ, ನೀನೆಂತ ಮಾಡ್ತಿದ್ಯೆ?"

"ಅಕ್ಕನ ಗೃಹಪ್ರವೇಶಕ್ಕೆ ಬರಿಗೈಲಿ ಬರ್ಲಾ?" ಎಂದು ಮಮತಾ ಗಂಡನ ತೋಳಿನಡಿಯಿಂದಲೇ ಪಾತ್ರೆ ದಾಟಿಸಿದಳು. ಇಪ್ಪತ್ತು ವರ್ಷದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ಊರು ನೋಡಿದ್ದು ಅದೇ ಮೊದಲು.

ಹಾಲು ನೊರೆಗಟ್ಟಿತು, ಏರಿತು, ಉಕ್ಕಿತು. ಸಾವಿತ್ರಿಬಾಯಿ ಪಾತ್ರೆ ಇಳಿಸಲಿಲ್ಲ. ಇಟ್ಟಿಗೆ ತೋಯಿಸಿದ ಹಾಲು ಇಳಿಜಾರಿನ ಒರಟು ನೆಲದ ಮೇಲೆ ಬಾಗಿಲ ಕಡೆಗೇ ಹರಿದು ಬಂತು. ಗೃಹಪ್ರವೇಶದ ಹಾಲನ್ನು ತುಳಿದರೆ ಲಕ್ಷ್ಮಿಯನ್ನೇ ತುಳಿದಂತೆ. ಮಹೇಶ್ವರಪ್ಪ ಒಳಗೆ ತಿರುಗಿ, ಪಂಚೆ ಎತ್ತಿ ಹಿಡಿದು ಒಂದು ಕಾಲು ಹಿಂದಿಟ್ಟ. ಹಾಲು ಇನ್ನಷ್ಟು ಬಂತು. ಇನ್ನೊಂದು ಕಾಲನ್ನೂ ತೆಗೆದು ಅಂಗಳಕ್ಕೆ ಇಳಿದ.

ನಯನ ಮತ್ತು ಮುನೀರ್ ಸ್ಟ್ರೆಚರಿನ ಮುಂದಿನ ತುದಿ ಎತ್ತಿದರು. ಹಿಂದೆ ಮಮತಾ ಕೈಹಾಕಿದಳು, ಬೇಲಿ ಪಕ್ಕದವರೂ ಓಡಿಬಂದರು.

"ಬಲಗಾಲು ಮುಂದಿಡು" ಒಳಗಿನಿಂದ ಸಾವಿತ್ರಿಬಾಯಿ ಕೂಗಿದಳು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದನಿಯಲ್ಲಿ.

ನಯನ ಹಾಲು ದಾಟಿ ಬಲಗಾಲಿಟ್ಟಳು. ಅವಳ ಹಿಂದೆ ಯಮುನಮ್ಮ, ಹೆಬ್ಬಾಗಿಲಿನಿಂದಲೇ, ತನ್ನ ಮನೆಯೊಳಗೆ ಬಂದಳು.