ಉಸ್ತಾದರ ಮೈಕ್ರೋಮೀಟರು

ಮಹಾದೇವಪ್ಪನ ಬುತ್ತಿಚೀಲ ದಾಟುತ್ತಲೇ ಮಷೀನ್ ಶಾಪಿನ ಕಳವು ಹಿಡಿಯುವ ಎಲೆಕ್ಟ್ರಾನಿಕ್ ಗೇಟು ಕೂಗಿಕೊಂಡಿತು. ಲೇಥಿನ ಮುಂದೆ ಜೀವ ಸವೆಸಿ, ಕಣ್ಣು ಮಂಜಾಗಿ, ಇವತ್ತಿಗೆ ಕೆಲಸ ಬಿಟ್ಟು ಕಮಲಾಪುರಕ್ಕೆ ಹೊರಟವನ ಚೀಲಕ್ಕೆ ಕೈ ಹಾಕಲು ಕಾವಲಿನ ಜಹಾಂಗೀರನಿಗೂ ಸಂಕೋಚ.

"ಹೊಂಟ ದಿನಾನೂ ಚಾಡಿ ಹೇಳ್ತದ ನೋಡ್ರಿ ಈ ಗೇಟು. ಏನದ ಕಾಕಾ ಒಳಗ?"

"ನಂದೇ ಅದನೋ. ಉಸ್ತಾದರು ಕೊಟ್ಟಿದ್ದು."

ಎರಡು ಬೆರಳಲ್ಲಿ ಮೆಲ್ಲಗೆ ತಿರುವಿ ಕೂದಲಿನ ದಪ್ಪವನ್ನೂ ಅಳೆಯುವ ಮೈಕ್ರೋಮೀಟರು ಅದು. ಕೆಲಸ ಕಲಿಸಿದ ಖಮರುದ್ದೀನ್ ಉಸ್ತಾದರು, ಕೋಟೆ ಹತ್ತಿರದ ಮನೆಯಲ್ಲಿ ಹಾಸಿಗೆ ಹಿಡಿದಾಗ ಇವನ ಕೈಗಿಟ್ಟಿದ್ದರು. ಮಹಾದೇವಪ್ಪ ಬಚ್ಚಿಡುವ ಪೈಕಿಯಲ್ಲ. ಕೇಳಿದವರಿಗೆಲ್ಲ ಕೊಡುವುದು, ಸಂಜೆ ಮಷೀನಿಂದ ಮಷೀನಿಗೆ ಬೈಯುತ್ತ ಹುಡುಕುವುದು, ಇದೇ ಆಗಿತ್ತು. ಹೋದ ವರ್ಷ ಸ್ಟೋರಿನ ಸುಷ್ಮಿತಾ ಶಾಪಿನ ಹತಾರಗಳಿಗೆಲ್ಲ ಎಲೆಕ್ಟ್ರಾನಿಕ್ ಟ್ಯಾಗ್ ಅಂಟಿಸತೊಡಗಿದಳು. ಎಲ್ಲಿ ಬಿದ್ದಿದ್ದರೂ ಕಂಪ್ಯೂಟರು ಹೇಳುತ್ತದಂತೆ ಎಂದು ಕೇಳಿ ಓಡಿಬಂದವನು ಇವನೇ.

"ಯವ್ವಾ, ನಂದಕ್ಕೂ ಒಂದು ಹಚ್ಚು. ಈ ಮಕ್ಕಳು ಒಯ್ದು ಎಲ್ಲಿ ಬೇಕಲ್ಲಿ ಒಗೀತಾರ."

ಅವಳು ನಗುತ್ತ ಹಚ್ಚಿದ್ದಳು.

ಇವತ್ತು ಗೇಟಿಗೆ ಬಂದಾಗ ನಗಲಿಲ್ಲ. ಜೊತೆಗೆ ಮ್ಯಾನೇಜರ್ ವಿಶ್ವಾಸ ಇದ್ದರು.

"ಟ್ಯಾಗ್ ಇದ್ದದ್ದೆಲ್ಲ ಶಾಪಿಂದು," ಎಂದರು ಅವರು. "ಅಳತಿ ಗೆರಿ ಕಾಣಲ್ಲಂತ ಕೆಲಸ ಬಿಟ್ಟೀರಿ. ಒಯ್ದು ಏನ್ ಮಾಡ್ತೀರಿ?"

"ಹಿಡಕೊಂಡು ಕೂಡಾಕ ಕಣ್ಣ್ಯಾಕ ಬೇಕ್ರಿ?" ಎಂದ ಮಹಾದೇವಪ್ಪ, ಸುಷ್ಮಿತಾಳ ಕಡೆ ತಿರುಗಿದ. "ನೀನಾರ ಹೇಳವ್ವಾ. ನಾನೇ ತಂದು ಕೊಟ್ಟಿದ್ನಿಲ್ಲ?"

ಅವಳು ನೆಲ ನೋಡಿದಳು. "ಅವತ್ತು ಭಾಳ ಹಚ್ಚಿದೆ ಕಾಕಾ. ಯಾವುದು ಯಾರದಂತ ಹೆಂಗ ಹೇಳ್ಲಿ..."

ಅವಳಿಗೆ ಚೆನ್ನಾಗಿ ನೆನಪಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡೂ ಮಹಾದೇವಪ್ಪನಿಗೆ ಗೊತ್ತಿದ್ದವು, ಮತ್ತೆ ಕೇಳಲಿಲ್ಲ. ಮೈಕ್ರೋಮೀಟರನ್ನು ಚೀಲದಿಂದ ತೆಗೆದು, ಉಗುರಿನಿಂದ ಟ್ಯಾಗ್ ಕೆರೆದು ನೋಡಿದ. ಉಕ್ಕಿಗೆ ಕಚ್ಚಿಕೊಂಡು ಕೂತಿತ್ತು.

"ತರ್ರಿ, ನಾ ಇಡ್ತೀನಿ," ಎಂದಳು ಸುಷ್ಮಿತಾ ಮೆಲ್ಲಗೆ.

"ಬ್ಯಾಡವ್ವಾ. ಉಸ್ತಾದರು ನನ್ನ ಕೈಯಾಗ ಕೊಟ್ಟಿದ್ದು."

ಒಳಗೆ ಹೋಗಿ, ಅಂಗಿ ಚುಂಗಿನಿಂದ ಎಣ್ಣೆ ಒರೆಸಿ, ಸ್ಟೋರಿನ ಕಪಾಟಿನಲ್ಲಿ ತಾನೇ ಇಟ್ಟ. ಹತಾರ ಬಂತೆಂದು ಕಪಾಟಿನ ಹಸಿರು ದೀಪ ಹತ್ತಿತು. ವಾಪಸು ಬಂದಾಗ ಗೇಟು ಕಮಕ್ ಕಿಮಕ್ ಎನ್ನಲಿಲ್ಲ. ಜಹಾಂಗೀರ್ ತಲೆ ಎತ್ತಲಿಲ್ಲ.

ಕಮಲಾಪುರದ ಬಸ್ಸಿನಲ್ಲಿ, ಬಾಳೆಹಣ್ಣಿನ ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದ ಹೆಂಗಸು ಬಹಳ ಹೊತ್ತು ಇವನ ಕೈಯನ್ನೇ ನೋಡಿದಳು. ಹೆಬ್ಬೆರಳು, ತೋರುಬೆರಳು ಏನನ್ನೋ ಮೆಲ್ಲಗೆ ತಿರುವುತ್ತಿದ್ದವು.

"ಬೆರಳು ನೋಯಾಕತ್ತಾವೇನ್ರಿ ಅಣ್ಣಾರ?"

"ಇಲ್ಲವ್ವಾ," ಎಂದು ಮಹಾದೇವಪ್ಪ ಕೈಯನ್ನು ಚೀಲದೊಳಗೆ ಇಳಿಬಿಟ್ಟ. ಒಳಗೆ ಬುತ್ತಿಡಬ್ಬಿಯೊಂದೇ ಇತ್ತು.