ಎಲೆ ತೊಳೆದರೆ ಸಾಕು

ಟೊಲೀಡೊ ಊರಿನಲ್ಲಿ ಎರಡು ತಿಂಗಳಿಗೊಮ್ಮೆ, ಭಾನುವಾರ, ಹಾವು-ಹಲ್ಲಿಗಳ ಸಂತೆ ಕೂಡುತ್ತದೆ. ಮರುದಿನ ವೆಂಡೆಲ್ ಕ್ರಾಫ್ಟ್‌ನ ನರ್ಸರಿಗೆ ಬರುವವರಲ್ಲಿ ನಾಲ್ಕೈದು ಮಂದಿಯ ಕೈಯಲ್ಲಾದರೂ ಒಂದೇ ಬಗೆಯ ಚೀಟಿ ಇರುತ್ತದೆ. ಗೋಸುಂಬೆಯ ಗೂಡಿನಲ್ಲಿ ಯಾವ ಗಿಡ ಇಡಬಹುದು ಎಂದು ಸಂತೆಯಲ್ಲಿ ಕೊಟ್ಟ ಪಟ್ಟಿ ಅದು. ದಾಸವಾಳ, ಮನಿ ಪ್ಲಾಂಟ್, ಛತ್ರಿಯ ಹಾಗೆ ಎಲೆ ಬಿಡುವ ಶೆಫ್ಲೆರಾ. ಹದಿನೆಂಟು ವರ್ಷಗಳಿಂದ ಅಲ್ಲಿ ಗಿಡಗಳಿಗೆ ನೀರು ಹಾಕಿಕೊಂಡಿರುವ ಡೋರೀನ್ ಸಾಬೊಗೆ ಆ ಪಟ್ಟಿ ಬಾಯಿಪಾಠವಾಗಿತ್ತು.

ಮಾರ್ಚ್ ತಿಂಗಳ ಆ ಸೋಮವಾರ ಹೊರಗೆ ಕೊಳೆ ಹಿಮ ಇನ್ನೂ ಕರಗಿರಲಿಲ್ಲ. ಗಾಜಿನ ಮನೆಯೊಳಗೆ ಮಾತ್ರ ಬೆವರು ಕಿತ್ತು ಬರುವ ಸೆಕೆ. ಅರವತ್ತೊಂದರ ಡೋರೀನಳ ಮೊಣಕಾಲು ಬೆಳಿಗ್ಗೆಯಿಂದಲೇ ಮುಷ್ಕರ ಹೂಡಿತ್ತು. ನೀರಿನ ಪೈಪು ಎಳೆದುಕೊಂಡು ಸಾಲಿನ ಕೊನೆಗೆ ಬರುವಷ್ಟರಲ್ಲಿ ದೊಡ್ಡ ಮೈಕಟ್ಟಿನ ಒಬ್ಬ ಮನುಷ್ಯ ಚೀಟಿ ಹಿಡಿದು ಅವಳಿಗಾಗಿ ಕಾಯುತ್ತಿದ್ದ. ಗಾಜಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವನೆಂದು ಅವನ ಬೂಟುಗಳೇ ಹೇಳುತ್ತಿದ್ದವು.

"ಮೇಡಂ, ಈ ಪಟ್ಟೀಲಿರೋದು ಏನಾದ್ರೂ ನಿಮ್ಮಲ್ಲಿದ್ಯಾ?"

"ಎಲ್ಲಾ ಇದೆ. ಗೋಸುಂಬೆಗೆ ತಾನೇ?"

"ಹೌದು. ನನ್ನದಲ್ಲ, ನಮ್ಮಕ್ಕಂದು." ಕೇಳದೆಯೇ ಹೇಳಿಕೊಳ್ಳುವ ಜಾತಿಯ ಮನುಷ್ಯ ಅವನು. ಹೆಸರು ಟೆರೆನ್ಸ್ ಮೇಫೀಲ್ಡ್. "ಅವಳಿಗೆ ಹೋದ ವರ್ಷ ಸ್ಟ್ರೋಕ್ ಆಯ್ತು. ಎಡಗೈ ಬಿದ್ದುಹೋಯ್ತು. ಹಿಸುಕ್ತಾ ಇರು ಅಂತ ಆಸ್ಪತ್ರೆಯವರು ಒಂದು ರಬ್ಬರ್ ಚೆಂಡು ಕೊಟ್ರು. ಅದನ್ನ ನನ್ನ ತಲೆಗೇ ಎಸೆದ್ಲು. ಬಲಗೈಲಿ."

ಡೋರೀನ್ ನಗಬೇಕಲ್ಲ ಎಂದು ನಕ್ಕಳು.

"ಈ ಪ್ರಾಣಿ ಬಟ್ಟಲಲ್ಲಿಟ್ಟ ನೀರು ಮುಟ್ಟಲ್ಲ ಮೇಡಂ. ಎಲೆ ಮೇಲಿನ ಹನಿ ಮಾತ್ರ ನೆಕ್ಕುತ್ತೆ. ದಿನಕ್ಕೆ ನಾಲ್ಕು ಸಲ ಸ್ಪ್ರೇ ಬಾಟ್ಲಿ ಒತ್ತಿ ಗೂಡೆಲ್ಲಾ ಒದ್ದೆ ಮಾಡ್ಬೇಕು. ಚೆಂಡು ಹಿಸುಕದವಳು ಈಗ ಎಡಗೈಲೇ ಬಾಟ್ಲಿ ಒತ್ತುತಾಳೆ. ನಾನು ಒತ್ತಕ್ಕೆ ಹೋದ್ರೆ ಬೈತಾಳೆ. ಡೀಕನ್ ಅಂತ ಹೆಸರಿಟ್ಟಿದಾಳೆ ಅದಕ್ಕೆ. ನಮ್ಮ ಚರ್ಚಲ್ಲಿ ಕಾಣಿಕೆ ತಟ್ಟೆ ಹಿಡ್ಕೊಂಡು ಬರ್ತಾರಲ್ಲ ಹಿರಿಯರು, ಅವರ ನಡಿಗೇನೇ ಇದರದ್ದು."

"ಮತ್ತೇನು ತೊಂದರೆ?"

"ಗೂಡು ಮಾರಿದವರು ಪ್ಲಾಸ್ಟಿಕ್ ಎಲೆ ಕೊಟ್ಬಿಟ್ರು. ಹನಿ ನಿಲ್ಲಲ್ಲ, ಜಾರಿ ಹೋಗುತ್ತೆ. ಡೀಕನ್ ಒಣಗ್ತಿದಾನೆ. ಅವನು ಹೋದ್ರೆ ಇವಳ ಕೈಯೂ ಹೋದ ಹಾಗೇ." ಅವನು ಒಂದು ದಾಸವಾಳದ ಕುಂಡ ಎತ್ತಿ ಎಲೆಗಳನ್ನು ತಿರುಗಿಸಿ ನೋಡಿದ. "ಇದಕ್ಕೆ ಔಷಧಿ ಏನಾದ್ರೂ ಹಾಕಿದೀರಾ? ಅವನು ಎಲೇನೂ ಕಡೀತಾನೆ."

ಔಷಧಿ ಹಾಕಿದ್ದವಳು ಅವಳೇ. ಪ್ರತಿ ತಿಂಗಳ ಮೊದಲ ವಾರ, ಕುಂಡಕ್ಕೊಂದು ಸಣ್ಣ ಚಮಚ ಹರಳು. ಅದು ಬೇರಿನಿಂದ ಹತ್ತಿ ಎಲೆಯ ರಸದಲ್ಲಿ ಸೇರಿಕೊಂಡು, ಕಚ್ಚಿದ ಹುಳವನ್ನು ಕೊಲ್ಲುತ್ತದೆ. ಒಳಗೆ ಇಳಿದದ್ದು ಹೊರಗೆ ತೊಳೆದರೆ ಹೋಗುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಲು ಕಾಲು ಗಂಟೆ ಬೇಕು. ಕೇಳಿಸಿಕೊಂಡವರು ಹೆದ್ದಾರಿಯಾಚೆಯ ದೊಡ್ಡ ಅಂಗಡಿಗೆ ಹೋಗಿ ಅದೇ ಔಷಧಿ ಹಾಕಿದ ಅದೇ ಗಿಡ ಕೊಳ್ಳುತ್ತಾರೆ. ದಣಿದವರಿಗೆ ಸುಳ್ಳು ಹೇಳಬೇಕೆಂಬ ಆಸೆಯೇನೂ ಇರುವುದಿಲ್ಲ, ಮಾತು ಬೇಗ ಮುಗಿದರೆ ಸಾಕಾಗಿರುತ್ತದೆ. ನರ್ಸರಿಯಲ್ಲಿ ಎಲ್ಲರೂ ಹೇಳುವ ಮಾತನ್ನೇ ಅವಳೂ ಹೇಳಿದಳು.

"ಎಲೆ ತೊಳೆದುಬಿಡಿ, ಸಾಕು. ಏನೂ ಆಗಲ್ಲ."

ಟೆರೆನ್ಸ್ ಜೇಬಿನಿಂದ ಪೆನ್ನು ತೆಗೆದು ಚೀಟಿಯ ಹಿಂದೆ ಅದನ್ನು ಬರೆದುಕೊಂಡ. "ಎಷ್ಟು ಸಲ ತೊಳೀಬೇಕು?"

"ಒಂದು ಮೂರು ಸಲ," ಎಂದಳು ಡೋರೀನ್. ಮೂರು ಎಂದು ಯಾಕೆ ಹೇಳಿದಳೋ ಅವಳಿಗೇ ತಿಳಿಯದು.

ಹದಿನೈದು ದಿನ ಕಳೆದ ಮೇಲೆ ಅವನು ಮತ್ತೆ ಬಂದ. ಕೈಯಲ್ಲಿ ಮೊಸರಿನ ಖಾಲಿ ಡಬ್ಬಿಯಿತ್ತು. ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಗೋಸುಂಬೆಯ ಊಟಕ್ಕೆಂದು ಗೂಡಿನೊಳಗೆ ಬಿಟ್ಟಿದ್ದ ಚಿಮ್ಮಂಡೆ ಹುಳಗಳು, ಹನ್ನೆರಡೋ ಹದಿಮೂರೋ, ಕಾಲು ಮೇಲೆ ಮಾಡಿಕೊಂಡು ಸತ್ತಿದ್ದವು.

"ದಾಸವಾಳದ ಬುಡದಲ್ಲಿ ಬಿದ್ದಿದ್ವು. ಎಲೆ ತಿಂದಿದ್ವು ಅಂತ ಕಾಣುತ್ತೆ," ಎಂದ. "ಡೀಕನ್ ಮೂರು ದಿನದಿಂದ ಏನೂ ತಿಂದಿಲ್ಲ. ಹಗಲು ಹೊತ್ತಲ್ಲೇ ಕಣ್ಣು ಮುಚ್ಕೊಂಡು ಕೂತಿರ್ತಾನೆ."

ಡೋರೀನ್ ಪೈಪಿನ ನೀರು ನಿಲ್ಲಿಸಿದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಇಷ್ಟು ವರ್ಷದಲ್ಲಿ ತಿಂದ ಬೈಗುಳಕ್ಕೇನೂ ಲೆಕ್ಕವಿಲ್ಲ. ಆದರೆ ಟೆರೆನ್ಸ್ ಬೈಯಲಿಲ್ಲ.

"ಮೂರು ಸಲ ತೊಳೆದೆ ಮೇಡಂ, ಒಂದೊಂದೇ ಎಲೆ. ನೀವು ಹೇಳಿದ ಹಾಗೇ. ನಾಲ್ಕನೇ ಸಲ ತೊಳೀಬೇಕಿತ್ತಾ?"

ಗಿಡವನ್ನು ಈಗಲೇ ಹೊರಗಿಡಿ, ಡೀಕನ್‌ನನ್ನು ಪ್ರಾಣಿಗಳ ಡಾಕ್ಟರಿಗೆ ತೋರಿಸಿ, ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದಷ್ಟೇ ಅವಳು ಅಂದಳು. ಅವನು ಚೀಟಿಯಲ್ಲಿ ಮನೆ ವಿಳಾಸ ಬರೆದುಕೊಟ್ಟು, ಥ್ಯಾಂಕ್ಸ್ ಹೇಳಿ ಹೋದ. ಆ ಥ್ಯಾಂಕ್ಸ್ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ವೆಂಡೆಲ್ ಹಿಂದುಗಡೆ ಮೇಜಿನ ಬಳಿ ನಿಂತು ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಐವತ್ತರ ಆಸುಪಾಸಿನವನು, ಅಪ್ಪನಿಂದ ನರ್ಸರಿಯನ್ನೂ ಸೊಂಟನೋವನ್ನೂ ಒಟ್ಟಿಗೇ ಪಡೆದವನು. ಡೋರೀನ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಕೈ ಮಾತ್ರ ನಿಲ್ಲಿಸಲಿಲ್ಲ.

"ಸತ್ತಿದ್ದು ಹುಳ. ಹುಳ ಸಾಯ್ಲಿ ಅಂತಾನೇ ತಾನೆ ಹಾಕೋದು?"

"ಅವನು ಕೇಳಿದ, ವೆಂಡೆಲ್. ಔಷಧಿ ಹಾಕಿದೀರಾ ಅಂತ ಬಾಯ್ಬಿಟ್ಟು ಕೇಳಿದ."

"ಎಲ್ಲರೂ ಕೇಳ್ತಾರೆ. ಹೋದ ವರ್ಷ ಬಿಳಿ ನೊಣ ಬಂದು ಒಂದು ಪೂರ್ತಿ ಸಾಲು ಗುಂಡಿಗೆ ಹಾಕಿದ್ವಿ, ಮರೆತ್ಯಾ? ತಳ್ಳುಗಾಡಿ ತಳ್ಳಿದ್ದು ನೀನೇ. ಎಲೆ ಹಿಂದೆ ಒಂದು ಚುಕ್ಕೆ ಕಂಡ್ರೆ ಸಾಕು, ವಾಪಸ್ ತಂದು ಮುಖಕ್ಕೆ ಹಿಡೀತಾರೆ. ಒಂಬತ್ತು ಜನ ಇದನ್ನೇ ನಂಬ್ಕೊಂಡು ಊಟ ಮಾಡ್ತಿದೀವಿ."

"ಹಾಕಬೇಡ ಅಂತ ನಾನು ಅಂತಿಲ್ಲ. ಹಾಕಿದೀವಿ ಅಂತ ಹೇಳೋಣ ಅಂತಿದೀನಿ."

"ಹೇಳಿದ್ರೆ ಯಾರು ತಗೋತಾರೆ? ಆಚೆಯ ದೊಡ್ಡ ಅಂಗಡಿಯವರು ಹೇಳ್ತಾರಾ?"

ಇದು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು. ವೆಂಡೆಲ್ ತುಸು ತಗ್ಗಿದ ದನಿಯಲ್ಲಿ ಮುಂದುವರಿಸಿದ.

"ಎಲೆ ತೊಳೀರಿ ಅನ್ನೋದು ನಮ್ಮಪ್ಪನ ಕಾಲದ ಮಾತು ಡೋರೀನ್. ಆಗ ಎಲೆ ಮೇಲೆ ಹೊಡೀತಿದ್ರು, ತೊಳೆದ್ರೆ ಹೋಗ್ತಿತ್ತು. ಔಷಧಿ ಬದಲಾಯ್ತು. ಮಾತು ಹಂಗೇ ಉಳ್ಕೊಂಡ್ತು. ಯಾರೂ ಬೇಕಂತ ಮಾಡಿದ್ದಲ್ಲ."

ಬೇಕೆಂದು ಮಾಡಿದ್ದಲ್ಲ ನಿಜ. ಆದರೆ ಔಷಧಿಯ ಡಬ್ಬಿಯ ಮೇಲಿನ ಬರಹವನ್ನು ಅವಳು ಆರು ವರ್ಷದ ಹಿಂದೆಯೇ ಓದಿದ್ದಳು. ಓದಿದ ಮೇಲೂ ಬಾಯಿ ಹಳೆಯ ಮಾತನ್ನೇ ಆಡುತ್ತಿತ್ತು.

ಶನಿವಾರ ರಜೆ. ಅವಳ ಅಡುಗೆಮನೆಯ ಕಿಟಕಿಯಲ್ಲಿ ಒಂದು ಶೆಫ್ಲೆರಾ ಇತ್ತು. ಹನ್ನೊಂದು ವರ್ಷದ ಹಿಂದೆ ಒಂದು ತುಂಡು ಕೊಂಬೆ ತಂದು ನೆಟ್ಟು ಬೆಳೆಸಿದ್ದು. ಅದಕ್ಕೆ ಹುಳ ಬಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದ್ದಾಳೆಯೇ ಹೊರತು ಒಂದು ಹರಳನ್ನೂ ಹಾಕಿದ್ದಿಲ್ಲ. ತನ್ನ ಗಿಡಕ್ಕೆ ಬೇಡವಾದದ್ದು ಊರ ಗಿಡಕ್ಕೆ ಆಗುತ್ತಿತ್ತಲ್ಲ ಎಂದು ಆ ಬೆಳಿಗ್ಗೆ ಹೊಳೆದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕುಂಡವನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದು, ಚೀಟಿಯಲ್ಲಿದ್ದ ವಿಳಾಸಕ್ಕೆ ಹೋದಳು.

ಬಾಗಿಲು ತೆರೆದವನು ಟೆರೆನ್ಸ್. ಅವಳ ಕೈಯಲ್ಲಿದ್ದ ಗಿಡವನ್ನೂ ಅವಳನ್ನೂ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಜಾಲರಿಯ ಗೂಡು. ಅದರ ದೀಪ ಆರಿತ್ತು. ಎದುರಿನ ಕುರ್ಚಿಯಲ್ಲಿ ಅವನ ಅಕ್ಕ ಲೂಸಿಲ್ ಕೂತಿದ್ದಳು. ಎಡಗೈ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಸ್ಪ್ರೇ ಬಾಟಲಿ ದೂರದ ಕಪಾಟಿನ ಮೇಲಿತ್ತು.

"ಗುರುವಾರ ಹೋದ," ಎಂದ ಟೆರೆನ್ಸ್. ಡೋರೀನಳ ಮುಖ ನೋಡಿ ತಾನೇ ಸಮಾಧಾನ ಹೇಳತೊಡಗಿದ. "ನಿಮ್ಮ ಗಿಡದಿಂದಾನೇ ಅಂತ ಏನಿಲ್ಲ ಮೇಡಂ. ಪ್ಲಾಸ್ಟಿಕ್ ಎಲೆ ಇದ್ದಾಗಲೇ ನೀರಿಲ್ಲದೆ ಕಿಡ್ನಿ ಕೆಟ್ಟಿರಬಹುದು ಅಂದ್ರು ಡಾಕ್ಟರು. ಇಂಥದ್ದೇ ಕಾರಣ ಅಂತ ಹೇಳಕ್ಕಾಗಲ್ವಂತೆ."

ಅವಳು ಹೌದೆಂದು ತಲೆಯಾಡಿಸಿ, ಕುಂಡ ಇಟ್ಟು, ಹೊರಟುಬಿಡಬಹುದಿತ್ತು. ಮೊಣಕಾಲೂ ಅದನ್ನೇ ಹೇಳುತ್ತಿತ್ತು.

"ಇರಬಹುದು," ಎಂದಳು. "ಆದ್ರೆ ಔಷಧಿ ಹಾಕಿದೀರಾ ಅಂತ ನೀವು ಕೇಳಿದಾಗ ನನಗೆ ಗೊತ್ತಿತ್ತು. ಹಾಕಿದ್ದು ನಾನೇ. ತೊಳೆದ್ರೆ ಹೋಗಲ್ಲ ಅಂತಾನೂ ಗೊತ್ತಿತ್ತು."

ಟೆರೆನ್ಸ್ ಅವಳನ್ನೇ ನೋಡುತ್ತಾ ನಿಂತ. ಆಮೇಲೆ ಅಡುಗೆಮನೆಗೆ ಹೋದ. ಅಲ್ಲಿ ನಲ್ಲಿ ತಿರುಗಿಸಿದ್ದು ಕೇಳಿಸಿತು, ತಕ್ಷಣವೇ ನಿಲ್ಲಿಸಿದ್ದೂ ಕೇಳಿಸಿತು. ಅವನು ಹೊರಗೆ ಬರಲಿಲ್ಲ.

ಲೂಸಿಲಳ ಮಾತು ಬಾಯಿಯ ಒಂದೇ ಬದಿಯಿಂದ, ನಿಧಾನವಾಗಿ ಬರುತ್ತಿತ್ತು. "ಮತ್ಯಾಕೆ ಹಂಗಂದೆ?"

"ಸುಸ್ತಾಗಿತ್ತು," ಎಂದಳು ಡೋರೀನ್.

"ನನಗೂ ಸುಸ್ತಾಗಿದೆ ಕಣಮ್ಮ. ನನ್ನ ತಮ್ಮನಿಗೂ. ಹಗಲೆಲ್ಲಾ ನಿದ್ದೆಗೆಟ್ಟು ಒಂದೊಂದೇ ಎಲೆ ಒರೆಸ್ತಾ ಕೂತಿದ್ದ, ಮಗೂಗೆ ಸ್ನಾನ ಮಾಡಿಸೋ ಹಂಗೆ." ಉಸಿರು ತೆಗೆದುಕೊಂಡಳು. "ಇನ್ನೂ ಎಷ್ಟು ಜನಕ್ಕೆ ಹೇಳಿದೀಯ ಹಿಂಗೆ?"

ಡೋರೀನ್ ನೆನಪು ಮಾಡಿಕೊಳ್ಳಲು ನೋಡಿದಳು. ಮೊಲ ಸಾಕಿದ ಮುದುಕ, ಆಮೆ ಸಾಕಿದ ಟೀಚರು, ಬಾಲ್ಕನಿಯಲ್ಲಿ ಗಿಳಿ ಬಿಡುತ್ತೇನೆಂದ ಹೆಂಗಸು. ಮುಖಗಳು ಒಂದರ ಮೇಲೊಂದು ಬಂದವು. ಅವರಲ್ಲಿ ಯಾರೂ ಹಿಂತಿರುಗಿ ಬಂದು ಡಬ್ಬಿ ತೆರೆದು ತೋರಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಗೊತ್ತಿಲ್ಲ," ಎಂದಳು.

"ಅಳಬೇಡ. ನಿನ್ನ ಸಮಾಧಾನ ಮಾಡೋಷ್ಟು ಶಕ್ತಿ ನನಗಿಲ್ಲ. ಗಿಡ ಅಲ್ಲಿಡು. ನಮ್ಮದೇನೋ ಮುಗೀತು. ಹೋಗಿ ಅವರಿಗೆ ಹೇಳು."

ಸೋಮವಾರ ನರ್ಸರಿ ತೆರೆಯುವುದಕ್ಕೆ ಒಂದು ಗಂಟೆ ಮುಂಚೆಯೇ ಡೋರೀನ್ ಬಂದಳು. ಹೊರಗೆ ಬಿದ್ದಿದ್ದ, ಕುಂಡಗಳು ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ, ಅದರ ಅಗಲವಾದ ಮಗ್ಗುಲಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಯಾರೂ ತಪ್ಪಿಸಿಕೊಂಡು ಒಳಗೆ ಹೋಗಲಾಗದ ಹಾಗೆ ಬಾಗಿಲಿಗೆ ತೂಗುಹಾಕಿದಳು.

"ಇಲ್ಲಿನ ದಾಸವಾಳ, ಮನಿ ಪ್ಲಾಂಟ್, ಶೆಫ್ಲೆರಾಗಳ ಮಣ್ಣಿಗೆ ಹುಳದ ಔಷಧಿ ಹಾಕಿದೆ. ಅದು ಎಲೆಯೊಳಗೆ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಎಲೆ ತಿನ್ನುವ ಪ್ರಾಣಿ ಸಾಕಿದವರು ಕೊಳ್ಳಬೇಡಿ. ಹಿಂದೆ ಕೊಂಡವರು ಗಿಡವನ್ನು ಪ್ರಾಣಿಯಿಂದ ದೂರ ಇಡಿ. ತೊಳೆದರೆ ಸಾಕು ಎಂದು ನಿಮಗೆ ಹೇಳಿದವಳು ನಾನು. ಡೋರೀನ್ ಸಾಬೊ."

ವೆಂಡೆಲ್ ಬೀಗದ ಕೈ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಮೊದಲಿನಿಂದ ಕೊನೆಯವರೆಗೆ ಓದಿದ. ಮತ್ತೆ ಮೊದಲಿನಿಂದ ಓದಿದ. ಡೋರೀನ್ ಕೋಟಿನ ಗುಂಡಿ ಬಿಚ್ಚಿರಲಿಲ್ಲ. ಹೋಗು ಎಂದರೆ ಹೋಗುವುದೇ ಎಂದು ಬೆಳಿಗ್ಗೆ ಮನೆಯಲ್ಲೇ ನಿರ್ಧರಿಸಿಕೊಂಡು ಬಂದಿದ್ದಳು.

"ಇದನ್ನ ನೋಡಿ ಅರ್ಧ ಜನ ಬಾಗಿಲಿಂದಲೇ ವಾಪಸ್ ಹೋಗ್ತಾರೆ," ಎಂದ.

"ಹೋಗ್ಲಿ."

ವೆಂಡೆಲ್ ಸೊಂಟ ಹಿಡಿದುಕೊಂಡು ನಿಟ್ಟುಸಿರು ಬಿಟ್ಟ. ರಟ್ಟನ್ನು ಕಿತ್ತು ಬಿಸಾಡಲು ಕೈ ಮುಂದೆ ಮಾಡಿದನೆಂದೇ ಅವಳು ಅಂದುಕೊಂಡಳು. ಅವನು ಓರೆಯಾಗಿದ್ದ ದಾರವನ್ನು ನೇರ ಮಾಡಿದ.

"ಜರೀಗಿಡ ಬಿಟ್ಟಿದೀಯ," ಎಂದ. "ಅದಕ್ಕೂ ಹಾಕಿದೀವಿ. ಸೇರಿಸು."